ಮೊದಲು ಚೀಟಿ, ಆಮೇಲೆ ಕೂಪನ್

ಮಗಳೇ,

ನೀನೂ ಅಳಿಯಂದಿರೂ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಸಂಸಾರ ಹೂಡಿದ ಮೇಲೆ ಮೊನ್ನೆ ಮೊದಲ ಸಲ ಖರ್ಚಿನ ಮಾತೆತ್ತಿದೆ. ಭಾನುವಾರದ ಪೇಪರಿನೊಳಗೆ ಬರುವ ಕೂಪನ್ನುಗಳನ್ನೆಲ್ಲ ಕತ್ತರಿಸಿ ಡಬ್ಬಿಗೆ ತುಂಬಿಟ್ಟಿದ್ದೇನೆ ದೊಡ್ಡಮ್ಮ, ಆದರೂ ಸಾಮಾನಿನ ಬಿಲ್ಲು ಇಳಿದಿಲ್ಲ ಎಂದೆ. ಹಾಗೆ ಮಾಡಿದರೆ ಇಳಿಯುವುದಿಲ್ಲಮ್ಮ. ಕೂಪನ್ ನೋಡಿಕೊಂಡು ಸಾಮಾನಿನ ಚೀಟಿ ಬರೆದರೆ ಖರ್ಚು ಏರುತ್ತದೆ. ಮನೆಗೆ ಏನು ಬೇಕೆಂದು ಚೀಟಿ ಬರೆದು, ಅದಕ್ಕೆ ಕೂಪನ್ ಇದೆಯೇ ಎಂದು ಹುಡುಕಿದರೆ ಮಾತ್ರ ದುಡ್ಡು ಉಳಿಯುತ್ತದೆ.

ಕೂಪನ್ ಹುಟ್ಟಿದ ಬಗೆಯೇ ಹಾಗಿದೆ. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದಲ್ಲಿ ಕೋಕಾ-ಕೋಲಾದವರು ‘ಒಂದು ಲೋಟ ಉಚಿತ’ ಎಂಬ ಕೂಪನ್ ಹಂಚಿದರು. ಜನ ಕುಡಿದು ನೋಡಲಿ, ರುಚಿ ಹತ್ತಲಿ, ನಾಳೆ ಕಾಸು ಕೊಟ್ಟು ಕೊಳ್ಳಲಿ ಎಂಬುದು ಉದ್ದೇಶ. ಈಗಲೂ ಅದೇ. ಹಾಗಾಗಿ ಕೂಪನ್ ಬರುವುದು ಹೆಚ್ಚಾಗಿ ಬ್ರಾಂಡಿನ ಹೆಸರಿರುವ ಸಾಮಾನಿಗೆ: ಡಿಟರ್ಜೆಂಟ್, ಟೂತ್‌ಪೇಸ್ಟ್, ಶಾಂಪೂ, ಸೀರಿಯಲ್. ತೊಗರಿಬೇಳೆಗೆ, ಸೋನಾ ಮಸೂರಿಗೆ, ಬೆಂಡೆಕಾಯಿಗೆ ಅದನ್ನು ಅಚ್ಚು ಹಾಕಿಸುವವರು ಯಾರು? ನಮ್ಮ ಅಡುಗೆಮನೆಯ ಬಹುಪಾಲು ಕೂಪನ್ನಿನ ಕೈಗೆ ಸಿಗುವುದಿಲ್ಲ. ಅದಕ್ಕೆ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳ ಸೇಲ್ ನೋಡಿಕೊಂಡರೆ ಸಾಕು. ಕೂಪನ್ನಿನ ಶ್ರಮವೆಲ್ಲ ಬಚ್ಚಲಿಗೆ, ಬಟ್ಟೆ ಒಗೆಯುವುದಕ್ಕೆ ಇರಲಿ. ಮುಂದೆ ಮನೆಗೊಂದು ಮಗು ಬಂದಾಗ ಡೈಪರಿನ ಕೂಪನ್ ಮಾತ್ರ ಒಂದನ್ನೂ ಬಿಡಬೇಡ.

ಡಬ್ಬಿ ಬೇಡ. ಒಳಗೆ ಖಾನೆಗಳಿರುವ ಉದ್ದನೆಯ ಫೋಲ್ಡರ್ ಡಾಲರ್ ಅಂಗಡಿಯಲ್ಲೇ ಸಿಗುತ್ತದೆ. ಖಾನೆಗಳಿಗೆ ನೀನು ಹೋಗುವ ಅಂಗಡಿಯ ಸಾಲುಗಳ ಹೆಸರನ್ನೇ ಬರೆ, ಅದೇ ಕ್ರಮದಲ್ಲಿ. ತಳ್ಳುಗಾಡಿ ಮುಂದೆ ಹೋದಂತೆ ಖಾನೆಯೂ ಮುಂದೆ ಹೋಗುತ್ತದೆ. ಪ್ರತಿ ಖಾನೆಯಲ್ಲೂ ಬೇಗ ಅವಧಿ ಮುಗಿಯುವುದು ಎದುರಿಗಿರಲಿ. ತಿಂಗಳ ಕೊನೆಗೆ ಮುಗಿಯುವಂಥವು ಬಹಳ, ಆದ್ದರಿಂದ ತಿಂಗಳು ಹುಟ್ಟಿದ ಮೊದಲ ಭಾನುವಾರ ಒಮ್ಮೆ ಎಲ್ಲ ತೆಗೆದು ನೋಡು. ಮನೆಯಲ್ಲಿ ಬಳಸದ ವಸ್ತುವಿನದನ್ನು ಕತ್ತರಿಸಲೇಬೇಡ. ಆ ಹಾಳೆಯನ್ನು ಹಾಗೆಯೇ ಮಡಿಸಿ, ಮೇಲೆ ತಾರೀಖು ಬರೆದಿಡು, ಬೇಕಾದಾಗ ಹುಡುಕಬಹುದು.

ಇನ್ನು ಓದುವ ವಿಷಯ. ಇದರಲ್ಲಿ ಅವಸರ ಮಾಡಬೇಡ. ಕೂಪನ್ನಿನ ಮೇಲಿನ ಚಿತ್ರವನ್ನು ನಂಬಬೇಡ, ಅಕ್ಷರವನ್ನು ನಂಬು. ಚಿತ್ರದಲ್ಲಿ ಅವರು ತಮ್ಮ ದುಬಾರಿ ಬಾಟಲನ್ನೇ ತೋರಿಸುತ್ತಾರೆ; ಕೆಳಗೆ ಸಣ್ಣಕ್ಷರದಲ್ಲಿ ‘ಈ ಬ್ರಾಂಡಿನ ಯಾವುದಾದರೂ ಒಂದು’ ಎಂದಿದ್ದರೆ ಅಗ್ಗದ್ದಕ್ಕೂ ಅದು ನಡೆಯುತ್ತದೆ. ‘ಪರ್ಚೇಸ್‌ಗೆ ಒಂದು’ ಎಂದರೆ ಒಂದೊಂದು ವಸ್ತುವಿಗೆ ಒಂದು ಕೂಪನ್. ‘ಟ್ರಾನ್ಸಾಕ್ಷನ್‌ಗೆ ಒಂದು’ ಎಂದರೆ ಇಡೀ ಬಿಲ್ಲಿಗೆ ಒಂದೇ. ಇವೆರಡನ್ನೂ ಬೆರೆಸಿಕೊಂಡು ಕೌಂಟರಿನ ಹುಡುಗಿಯ ಜೊತೆ ವಾದಕ್ಕೆ ನಿಲ್ಲುವವರನ್ನು ಎಷ್ಟೋ ಸಲ ನೋಡಿದ್ದೇನೆ. ಪಾಪ, ಅವಳದೇನೂ ತಪ್ಪಿರುವುದಿಲ್ಲ.

ಕೊಡುವವರು ಯಾರೆಂಬುದನ್ನೂ ಗಮನಿಸು. ತಯಾರಕರ ಕೂಪನ್ ಆದರೆ ಅಂಗಡಿಗೆ ಆ ಹಣವನ್ನು ಕಂಪನಿ ತುಂಬಿಕೊಡುತ್ತದೆ. ಅಂಗಡಿಯದೇ ಆದರೆ ನಷ್ಟ ಅಂಗಡಿಯದು. ಅದಕ್ಕೇ ಹಲವು ಅಂಗಡಿಗಳು ಒಂದು ವಸ್ತುವಿನ ಮೇಲೆ ಎರಡನ್ನೂ ಒಟ್ಟಿಗೆ ಹಾಕಲು ಬಿಡುತ್ತವೆ. ತಯಾರಕರದೇ ಎರಡನ್ನು ಒಂದೇ ವಸ್ತುವಿಗೆ ಕೊಡುವಂತಿಲ್ಲ. ತೆರಿಗೆಯಲ್ಲೂ ವ್ಯತ್ಯಾಸವಿದೆ. ಹನ್ನೆರಡು ಡಾಲರಿನ ಡಿಟರ್ಜೆಂಟಿಗೆ ಮೂರು ಡಾಲರಿನ ತಯಾರಕರ ಕೂಪನ್ ಕೊಟ್ಟರೂ ನ್ಯೂಜೆರ್ಸಿಯ ಶೇ. 6.625 ತೆರಿಗೆ ಹನ್ನೆರಡರ ಮೇಲೆಯೇ ಬೀಳುತ್ತದೆ. ಅಂಗಡಿಯ ಕೂಪನ್ ಆದರೆ ಒಂಬತ್ತರ ಮೇಲೆ. ಬಿಲ್ಲು ನೋಡಿ ಗಾಬರಿಯಾಗಬಾರದೆಂದು ಹೇಳಿದೆ. ಕಾಸ್ಟ್‌ಕೋದಲ್ಲಿ ತಯಾರಕರ ಕೂಪನ್ ತೆಗೆದುಕೊಳ್ಳುವುದೇ ಇಲ್ಲ, ಅಲ್ಲಿಗೆ ಫೋಲ್ಡರ್ ಹೊತ್ತುಕೊಂಡು ಹೋಗಬೇಡ.

ಕೂಪನ್ ಕಳೆದ ಮೇಲೂ ಅಂಗಡಿಯ ಸ್ವಂತ ಬ್ರಾಂಡೇ ಅಗ್ಗವಾಗಿರುವುದು ಎಷ್ಟೋ ಸಲ ಇದೆ. ಅದನ್ನು ತೂಗಿ ನೋಡಲು ಬೆಲೆಚೀಟಿಯ ಮೂಲೆಯಲ್ಲಿರುವ ಯೂನಿಟ್ ಪ್ರೈಸ್ ನೋಡು, ಪೌಂಡಿಗೆ ಎಷ್ಟು, ಔನ್ಸಿಗೆ ಎಷ್ಟು ಎಂದು. ಅದನ್ನು ತೋರಿಸಬೇಕೆಂದು ನಮ್ಮ ರಾಜ್ಯದಲ್ಲಿ ಕಾನೂನೇ ಇದೆ. ಹಾಗೆಯೇ ಜನವರಿಯಲ್ಲಿ ಶಾಪ್‌ರೈಟ್ ಅಂಗಡಿಯವರ ‘ಕ್ಯಾನ್ ಕ್ಯಾನ್ ಸೇಲ್’ಗೆ ಕಾಯಿ. 1971ರಿಂದ ನಡೆದುಬಂದದ್ದು. ಡಬ್ಬಿಯ ಕಾಬೂಲಿ ಕಡಲೆ, ರಾಜ್ಮಾ, ಟೊಮೇಟೊ ಆಗ ಅಗ್ಗ. ಕೆಲಸದಿಂದ ತಡವಾಗಿ ಬಂದ ದಿನ ಕಡಲೆ ನೆನೆಸಿಟ್ಟಿಲ್ಲವೆಂದು ಪೇಚಾಡುವುದು ತಪ್ಪುತ್ತದೆ.

ಈಗ ಬಹಳಷ್ಟು ಕೂಪನ್ನುಗಳು ಫೋನಿಗೇ ಬರುತ್ತವೆ. ಆ್ಯಪ್‌ನಲ್ಲಿ ಕಂಡರೆ ಸಾಲದು, ‘ಕ್ಲಿಪ್’ ಒತ್ತಿದರೆ ಮಾತ್ರ ನಿನ್ನ ಖಾತೆಗೆ ಸೇರುತ್ತದೆ. ಚೀಟಿ ಕೈಯಲ್ಲಿಟ್ಟುಕೊಂಡು, ಹೊರಡುವ ಮುಂಚೆ ಮನೆಯಲ್ಲೇ ಕೂತು ಒತ್ತಿಬಿಡು. ಅಂಗಡಿಯೊಳಗೆ ಸಿಗ್ನಲ್ ಸಿಗುತ್ತದೆಂಬ ಖಾತ್ರಿಯಿಲ್ಲ. ಕೌಂಟರಿನಲ್ಲಿ ಅಳಿಯಂದಿರು ಸಾಮಾನು ಚೀಲಕ್ಕೆ ತುಂಬಲಿ, ನೀನು ಪರದೆ ನೋಡು. ಯಾವುದಾದರೂ ಕೂಪನ್ ಕಳೆಯದೆ ಬಿಟ್ಟಿದ್ದರೆ ಮನೆಗೆ ಬರುವ ಮೊದಲೇ, ಬಿಲ್ಲು ಹಿಡಿದು ಸಮಾಧಾನವಾಗಿ ಕಸ್ಟಮರ್ ಸರ್ವಿಸ್‌ನಲ್ಲಿ ಕೇಳು. ಫೋನ್ ಬಳಸಲು ತಿಳಿಯದ ಹಿರಿಯರು ಪಕ್ಕದ ಮನೆಯಲ್ಲಿದ್ದರೆ ಅವರದನ್ನೂ ಒತ್ತಿಕೊಡು. ಕಡಿಮೆ ವರಮಾನದಲ್ಲಿ ಬದುಕುವ ಅವರಿಗೇ ಈ ರಿಯಾಯಿತಿ ತಪ್ಪಿಹೋಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಅವಧಿ ಮುಗಿದ ಕಾಗದದ ಕೂಪನ್ನುಗಳನ್ನು ಎಸೆಯಬೇಡ. ಹೊರದೇಶಗಳಲ್ಲಿರುವ ಅಮೆರಿಕದ ಸೇನಾ ನೆಲೆಗಳ ಅಂಗಡಿಗಳಲ್ಲಿ ತಯಾರಕರ ಕೂಪನ್ನುಗಳು ಅವಧಿ ಮುಗಿದ ಆರು ತಿಂಗಳವರೆಗೂ ನಡೆಯುತ್ತವೆ. ಅವನ್ನು ಕೂಡಿಸಿ ಸೈನಿಕರ ಕುಟುಂಬಗಳಿಗೆ ಅಂಚೆಯಲ್ಲಿ ಕಳುಹಿಸುವವರಿದ್ದಾರೆ. ನಿಮ್ಮೂರಿನ ಲೈಬ್ರರಿಯಲ್ಲಿ ವಿಚಾರಿಸು, ಅಂಥವರು ಯಾರಾದರೂ ಸಿಕ್ಕಾರು.