ಸಹಸ್ರಾರ ಧ್ಯಾನ: ಹೊಸಬರು ಬುಡದಿಂದಲೇ ಶುರುಮಾಡಿ

ಕಣ್ಣು ಮುಚ್ಚಿ ಕೂರುವುದನ್ನು ಕಲಿತ ವಾರದಲ್ಲೇ ನೆತ್ತಿಯ ಚಕ್ರ ತೆರೆಯಬೇಕು ಎಂಬ ಆತುರ ಈಗ ಬಹಳ ಜನರಲ್ಲಿದೆ. ನಮ್ಮ ಯೋಗಗ್ರಂಥಗಳಲ್ಲಿ ಈ ಆತುರಕ್ಕೆ ಜಾಗವಿಲ್ಲ. ಬಂಗಾಳದ ಪೂರ್ಣಾನಂದ ಯತಿ 1577ರಲ್ಲಿ ಬರೆದ ‘ಷಟ್ಚಕ್ರ ನಿರೂಪಣ’ ಚಕ್ರಗಳನ್ನು ಆರೆಂದೇ ಎಣಿಸುತ್ತದೆ. ನೆತ್ತಿಯ ಸಹಸ್ರಾರ ಆ ಆರರ ಆಚೆಗಿನದು. ಮುಖ ಕೆಳಗಾಗಿ ಅರಳಿದ ಬಿಳಿಯ ಕಮಲ. ಬೆನ್ನಿನ ಬುಡದ ಮೂಲಾಧಾರದಿಂದ ಹುಬ್ಬುಗಳ ನಡುವಿನ ಆಜ್ಞೆಯವರೆಗಿನ ದಳಗಳು ಕ್ರಮವಾಗಿ 4, 6, 10, 12, 16, 2, ಕೂಡಿದರೆ 50. ದಳಕ್ಕೊಂದರಂತೆ ಕೂತ ಸಂಸ್ಕೃತ ವರ್ಣಮಾಲೆಯ 50 ಅಕ್ಷರಗಳೇ 20 ಸಲ ಸುತ್ತಿ ಬಂದು ನೆತ್ತಿಯ ಸಾವಿರ ದಳಗಳಾಗುತ್ತವೆ. ಕೆಳಗಿನದನ್ನು ಬಿಟ್ಟು ಮೇಲಿನದು ಬೇರೆ ಇಲ್ಲ. ಅಭ್ಯಾಸದ ಕ್ರಮವೂ ಹಾಗೆಯೇ ಇರಬೇಕು.

ಮೊದಲ ಹಂತ: ಆಸನ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮಡಚಿದ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ಮಂಡಿ ನೋವಿದ್ದರೆ ಕುರ್ಚಿ ಸಾಕು. ಬೆನ್ನು, ಕತ್ತು, ತಲೆ ನೇರವಾಗಿರಲಿ. ಬೆನ್ನುಮೂಳೆಯ ಬುಡದಲ್ಲಿ, ಮೈಯ ಭಾರ ನೆಲಕ್ಕೆ ಇಳಿಯುವ ಜಾಗದಲ್ಲಿ ಗಮನ ನಿಲ್ಲಿಸಿ. ಕೆಲವು ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ.

ಎರಡನೆಯ ಹಂತ: ನಾಡಿಶೋಧನ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಉಸಿರೆಳೆಯಿರಿ. ಉಂಗುರಬೆರಳಿನಿಂದ ಎಡವನ್ನು ಮುಚ್ಚಿ ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಐದಾರು ಸುತ್ತು ಸಾಕು. ಉಸಿರು ಕಟ್ಟುವ ಕುಂಭಕವನ್ನು ಪುಸ್ತಕ ನೋಡಿ ಮಾಡಬೇಡಿ.

ಮೂರನೆಯ ಹಂತ: ಜಪ. ಓಂಕಾರವೋ ಪಂಚಾಕ್ಷರಿಯೋ, ಮನೆಯಲ್ಲಿ ನಡೆದುಬಂದ ಮಂತ್ರವಿದ್ದರೆ ಅದೇ ಆಗಲಿ. ತುಟಿಯಿಂದ ಶುರುವಾಗಿ ನಿಧಾನವಾಗಿ ಮನಸ್ಸಿಗೆ ಇಳಿಯಲಿ.

ನಾಲ್ಕನೆಯ ಹಂತದಲ್ಲಷ್ಟೇ ನೆತ್ತಿಯ ಮಾತು. ಇಲ್ಲಿ ಬಲವಂತದ ಏಕಾಗ್ರತೆ ಬೇಡ, ನೇರಳೆ ಬೆಳಕನ್ನು ಕಲ್ಪಿಸಿಕೊಳ್ಳುವುದೂ ಬೇಡ. ಚಕ್ರಗಳಿಗೆ ಕಾಮನಬಿಲ್ಲಿನ ಬಣ್ಣಗಳು ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದಲ್ಲಿ ಸೇರಿಕೊಂಡವು. ಪರಂಪರೆ ಹೊಸಬರಿಗೆ ಕೊಟ್ಟ ದಾರಿ ಗುರುಸ್ಮರಣೆ: ನೆತ್ತಿಯಲ್ಲಿ ಗುರುಪಾದುಕೆ ಇದೆಯೆಂದು ಭಾವಿಸಿ ತಲೆಬಾಗುವುದು. ಎರಡು ಮೂರು ನಿಮಿಷ ಸಾಕು. ವೀರಶೈವ ದೀಕ್ಷೆಯ ಕ್ರಮ ನನಗೆ ಇನ್ನೂ ಆಪ್ತ. ಗುರು ಶಿಷ್ಯನ ತಲೆಯ ಮೇಲೆ ಕೈಯಿಟ್ಟು, ಅಲ್ಲಿನ ಚಿತ್ಕಳೆಯನ್ನು, ಅಂದರೆ ಚೈತನ್ಯವನ್ನು, ಇಷ್ಟಲಿಂಗದಲ್ಲಿ ತುಂಬಿ ಅಂಗೈಗೆ ಕೊಡುತ್ತಾನೆ. ಶಿಷ್ಯ ಅದನ್ನು ನೆಟ್ಟ ನೋಟದಿಂದ ನೋಡುತ್ತಾ ಶಿವಯೋಗ ಮಾಡುತ್ತಾನೆ. ಕಾಣದ ನೆತ್ತಿ ಕಾಣುವ ಅಂಗೈಗೆ ಇಳಿದು ಬರುತ್ತದೆ. ಚಂಚಲ ಮನಸ್ಸಿಗೆ ಇದಕ್ಕಿಂತ ಕರುಣೆಯ ಉಪಾಯವನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಗಮನವನ್ನು ನೆತ್ತಿಯಿಂದ ಎದೆಗೆ, ಎದೆಯಿಂದ ಬುಡಕ್ಕೆ ಇಳಿಸಿ, ಅಂಗೈ ಉಜ್ಜಿ ಕಣ್ಣಿಗೆ ಒತ್ತಿಕೊಂಡು ಏಳಿ. ಇದನ್ನು ಮಾತ್ರ ಯಾವ ದಿನವೂ ಬಿಡಬೇಡಿ.

ಇಷ್ಟು ಎಚ್ಚರ ಯಾಕೆಂದರೆ, ಗೋಪಿಕೃಷ್ಣ ಎಂಬ ಕಾಶ್ಮೀರಿ ಪಂಡಿತರು 1937ರ ಡಿಸೆಂಬರಿನಲ್ಲಿ ಜಮ್ಮುವಿನ ತಮ್ಮ ಮನೆಯಲ್ಲಿ ನೆತ್ತಿಯ ಕಮಲವನ್ನೇ ಧ್ಯಾನಿಸುತ್ತಿದ್ದಾಗ ಬೆನ್ನಿನ ಬುಡದಿಂದ ಶಕ್ತಿ ಒಮ್ಮೆಲೇ ಮೇಲೇರಿತು. ಆಮೇಲೆ ಮೈಯುರಿ, ನಿದ್ರಾಹೀನತೆ, ಭಯ. ದಾರಿ ತೋರುವ ಗುರು ಸಿಗಲಿಲ್ಲ. ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಅದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಬೆಳಕು ಕಂಡಿತು, ನೆತ್ತಿ ಜುಮ್ಮೆಂದಿತು ಎಂಬುದನ್ನು ಜಾಗೃತಿ ಎಂದುಕೊಳ್ಳಬೇಡಿ. ಸಿಟ್ಟು ಇಳಿದಿದೆಯೇ, ಜೊತೆಯವರ ನೋವು ತಟ್ಟುತ್ತಿದೆಯೇ ಎಂದು ಮನೆಯವರನ್ನು ಕೇಳಿ. ನಿದ್ದೆ ಕೆಟ್ಟರೆ, ತಲೆ ಬಿಸಿಯಾದರೆ, ಭಯ ಹತ್ತಿದರೆ ಧ್ಯಾನವನ್ನು ಅಲ್ಲಿಗೇ ನಿಲ್ಲಿಸಿ. ಹೊಟ್ಟೆ ತುಂಬ ಉಣ್ಣಿ, ನಡೆದಾಡಿ, ಅನುಭವಸ್ಥರನ್ನು ಕಾಣಿ. ಆದರೂ ಕಡಿಮೆಯಾಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.