ತುಕ್ಕು ಹಿಡಿದ ಕಾವಲಿ

ಮಳೆಗಾಲ ಬಂತೆಂದರೆ ಮನೆಯೆಲ್ಲ ತೇವ. ಈ ದಿನಗಳಲ್ಲಿ ಅಡುಗೆಮನೆಯ ಕಬ್ಬಿಣದ ಸಾಮಾನು ನೋಡಿ. ಕಾವಲಿಯ ಮೇಲೆ ಕೆಂಪು ಪುಡಿ. ಈಳಿಗೆಮಣೆಯ ಅಲಗಿನ ಮೇಲೆ ಕಂದು ಚುಕ್ಕೆ. ಬಾಣಲೆಯ ಅಂಚು ಒರಟು. ಇದೇ ತುಕ್ಕು.

ಒಂದು ಮನೆಯ ಮಾತು ಕೇಳಿ.

ಸೊಸೆ: ಅತ್ತೆ, ಈ ಕಾವಲಿ ಹಾಳಾಯ್ತು. ಗುಜರಿಯವನು ಬಂದಿದಾನೆ. ಹಾಕಿಬಿಡ್ತೀನಿ.

ಅತ್ತೆ: ತಡಿಯೇ! ಅವನು ಕೊಡೋ ದುಡ್ಡಿಗೆ ಹೊಸ ಕಾವಲಿ ಬರುತ್ತಾ? ಮೂವತ್ತು ವರ್ಷ ಇದರಲ್ಲೇ ದೋಸೆ ಹುಯ್ದಿದೀನಿ. ಮೇಲೆ ಮಾತ್ರ ತುಕ್ಕು. ಒಳಗೆ ಕಬ್ಬಿಣ ಗಟ್ಟಿ ಇದೆ.

ಸೊಸೆ: ಮೊನ್ನೆ ಉಜ್ಜಿ ತೊಳೆದು ಬೋರಲು ಹಾಕಿದ್ದೆ. ಬೆಳಗ್ಗೆ ನೋಡಿದ್ರೆ ಮತ್ತೆ ಕೆಂಪು.

ಅತ್ತೆ: ತೊಳೆದೆ, ಸರಿ. ಒಣಗಿಸಿದೆಯಾ? ಎಣ್ಣೆ ಸವರಿದೆಯಾ?

ಸೊಸೆ ಸುಮ್ಮನಾದಳು. ತೊಳೆಯುವುದು ಅರ್ಧ ಕೆಲಸ. ಉಳಿದರ್ಧ ಏನು? ಬನ್ನಿ, ತಿಳಿಯೋಣ.

ತುಕ್ಕು ಏಕೆ ಬರುತ್ತದೆ?

ಗಾಳಿಯಲ್ಲಿ ಆಮ್ಲಜನಕ ಇದೆ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಗುಲಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಅದಕ್ಕೇ ಕಡಲ ಕರೆಯ ಊರುಗಳಲ್ಲಿ ತುಕ್ಕಿನ ಕಾಟ ಹೆಚ್ಚು.

ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಕೆಳಗಿನ ಕಬ್ಬಿಣ ಮತ್ತೆ ಗಾಳಿಗೆ ಬೀಳುತ್ತದೆ. ಅದಕ್ಕೂ ತುಕ್ಕು ಹಿಡಿಯುತ್ತದೆ. ಹೀಗೆ ಪಾತ್ರೆ ಸವೆದು ಕೊನೆಗೆ ತೂತಾಗುತ್ತದೆ.

ಹಾಗಾದರೆ ಸ್ಟೀಲ್ ಲೋಟಕ್ಕೆ ಏಕೆ ತುಕ್ಕು ಹಿಡಿಯುವುದಿಲ್ಲ? ಅದರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಪಾಲು ಕ್ರೋಮಿಯಂ ಎಂಬ ಲೋಹ ಇರುತ್ತದೆ. ಅದು ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿ ಕಾಯುತ್ತದೆ. ಕಾವಲಿಗೆ, ಕಮ್ಮಾರ ಮಾಡಿದ ಚಾಕುವಿಗೆ ಆ ಪೊರೆ ಇಲ್ಲ. ನಾವೇ ಎಣ್ಣೆಯಿಂದ ಪೊರೆ ಕಟ್ಟಬೇಕು.

ತುಕ್ಕು ತೆಗೆಯುವುದು ಹೇಗೆ?

1. ಹುಣಸೆಹಣ್ಣನ್ನು ನೀರಲ್ಲಿ ನೆನೆಸಿ, ಕಿವುಚಿ, ತುಕ್ಕಿನ ಮೇಲೆ ಬಳಿಯಿರಿ. ಹುಳಿ ತುಕ್ಕನ್ನು ಕರಗಿಸುತ್ತದೆ.
2. ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ. ಕೆಂಪು ಹೋಗುವವರೆಗೂ ಉಜ್ಜಿ.
3. ಚೆನ್ನಾಗಿ ತೊಳೆಯಿರಿ. ಹುಳಿ ಉಳಿದರೆ ಅದೇ ಕಬ್ಬಿಣವನ್ನು ತಿನ್ನುತ್ತದೆ.
4. ಬಟ್ಟೆಯಿಂದ ಒರೆಸಿ. ಕೂಡಲೇ ಒಲೆಯ ಮೇಲಿಟ್ಟು ತೇವ ಆರಿಸಿ.

ಕಾವಲಿ ಪಳಗಿಸುವುದು ಹೇಗೆ?

ಬಿಸಿ ಕಾವಲಿಗೆ ಒಂದೆರಡು ಹನಿ ಅಡುಗೆ ಎಣ್ಣೆ ಹಾಕಿ. ದಪ್ಪ ಬಟ್ಟೆಯಿಂದ ಎಲ್ಲ ಕಡೆ ಸವರಿ. ಹೆಚ್ಚಾದ ಎಣ್ಣೆ ಒರೆಸಿಬಿಡಿ. ಇಲ್ಲದಿದ್ದರೆ ಜಿಗುಟಾಗುತ್ತದೆ. ಸಣ್ಣಗೆ ಹೊಗೆ ಬರುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಕಾದ ಎಣ್ಣೆ ಗಟ್ಟಿ ಕಪ್ಪು ಪೊರೆಯಾಗುತ್ತದೆ. ನೀರು, ಗಾಳಿ ಕಬ್ಬಿಣಕ್ಕೆ ತಾಗುವುದಿಲ್ಲ. ದೋಸೆಯೂ ಅಂಟುವುದಿಲ್ಲ. ಈ ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

ದಿನವೂ ಇಷ್ಟು ಮಾಡಿ

ಕಾವಲಿಯನ್ನು ನೀರಲ್ಲಿ ನೆನೆಹಾಕಬೇಡಿ. ತೊಳೆದ ತಕ್ಷಣ ಒಲೆಯ ಬಿಸಿಗೆ ಆರಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ಕಬ್ಬಿಣದ ಬಾಣಲೆಯಲ್ಲಿ ಹುಳಿಸಾರು ಇಟ್ಟುಬಿಡಬೇಡಿ. ಹುಳಿಗೆ ಪೊರೆ ಕಿತ್ತುಹೋಗುತ್ತದೆ, ಸಾರು ಕಪ್ಪಾಗುತ್ತದೆ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದ ಮೇಲೆ ಈಳಿಗೆಮಣೆ ಹಾಗೇ ಬಿಡಬೇಡಿ. ಅಲಗು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಎರಡು ಮಾತು ನೆನಪಿಡಿ

ಈಳಿಗೆಮಣೆ ಕೈ ಕುಯ್ದರೆ ಅರಿಸಿನ ಮೆತ್ತಿ ಸುಮ್ಮನಿರಬೇಡಿ. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಯಲ್ಲಿರುತ್ತದೆ. ತುಕ್ಕಿನಿಂದ ಅದು ಹುಟ್ಟುವುದಿಲ್ಲ. ಆದರೆ ಒರಟು ತುಕ್ಕಿನಲ್ಲಿ ಕೊಳೆ ಕೂತಿರುತ್ತದೆ. ಗಾಯವನ್ನು ಸೋಪು, ನೀರಿನಿಂದ ತೊಳೆಯಿರಿ. ಆರೋಗ್ಯ ಕೇಂದ್ರಕ್ಕೆ ಹೋಗಿ, ಚುಚ್ಚುಮದ್ದು ಬೇಕೇ ಎಂದು ಕೇಳಿ.

ಕಬ್ಬಿಣದ ಪಾತ್ರೆಯಲ್ಲಿ ಮಾಡಿದ ಅಡುಗೆಗೆ ಸ್ವಲ್ಪ ಕಬ್ಬಿಣದ ಅಂಶ ಸೇರುತ್ತದೆ. ಅದು ಮೈಗೆ ಒಳ್ಳೆಯದು. ಆದರೆ ತುಕ್ಕು ತಿಂದರೆ ರಕ್ತ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಸುಸ್ತು, ತಲೆಸುತ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ತಪ್ಪದೆ ನುಂಗಿ.

ಮಾಡಿ ನೋಡಿ

ಮೂರು ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಸೋಪು ಹಾಕಿ ತೊಳೆದು ಒಣಗಿಸಿ. ಒಂದನ್ನು ಒಣ ಡಬ್ಬಿಯಲ್ಲಿಡಿ. ಎರಡನೆಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ. ಮೂರನೆಯದಕ್ಕೆ ಎಣ್ಣೆ ಸವರಿ, ಇನ್ನೊಂದು ಒದ್ದೆ ಬಟ್ಟೆಯಲ್ಲಿ ಸುತ್ತಿ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಿ. ನಾಲ್ಕು ದಿನ ಬಿಟ್ಟು ಮೂರನ್ನೂ ನೋಡಿ.

ಉತ್ತರ ಬರೆಯಿರಿ

1. ಯಾವ ಮೊಳೆಗೆ ತುಕ್ಕು ಹೆಚ್ಚು ಹಿಡಿಯಿತು? ಏಕೆ?
2. ಸೊಸೆ ಯಾವ ಎರಡು ಕೆಲಸ ಮರೆತಿದ್ದಳು?
3. ನಿಮ್ಮ ಅಡುಗೆಮನೆಯಲ್ಲಿರುವ ಕಬ್ಬಿಣದ ಸಾಮಾನುಗಳ ಹೆಸರು ಬರೆಯಿರಿ. ತುಕ್ಕು ಹಿಡಿದಿರುವುದರ ಮುಂದೆ ಗುರುತು ಹಾಕಿ.