ನದಿ ಇಲ್ಲದ ಊರಿನ ನೀರಿನ ದಂಡೆ

ಹೋದ ರಜೆಯಲ್ಲಿ ನಮ್ಮ ಕ್ಲಾಸಿನ ಅರ್ಧ ಮಂದಿ ಮುಂಬೈಗೆ ಹೋಗಿ ಬಂದರು. ಒಂದು ವಾರ ಗ್ರೂಪಿನಲ್ಲಿ ಬರೀ ಮರೀನ್ ಡ್ರೈವ್ ಫೋಟೋ. ಸಂಜೆ ಬಿಸಿಲು, ಸಮುದ್ರ, ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕುಂತವರು. ನನ್ನ ರೂಮ್‌ಮೇಟ್ ಕಾರವಾರದವನು, ನೀರು ನೋಡಿಕೊಂಡೇ ಬೆಳೆದವನು. ಅವನು ಸುಮ್ಮನೆ ಕೇಳಿದ, "ನಿಮ್ಮ ವಿಜಯಪುರದಲ್ಲಿ ಹಿಂಗೆ ನೀರಿನ ಬದಿಗೆ ನಡೆಯೋ ಜಾಗ ಯಾವುದಿದೆಯೋ?" ನಾನು "ನಮ್ಮೂರಾಗ ನೀರೇ ಇಲ್ಲೋ, ಇನ್ನ ದಂಡಿ ಎಲ್ಲಿಂದ ತರೂಣು?" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಶನಿವಾರ ತಿಕೋಟಾಕ್ಕೆ ಹೋದಾಗ ಇದನ್ನೇ ಜೋಕ್ ಅಂತ ಅಜ್ಜನಿಗೆ ಹೇಳಿದೆ. ಅಜ್ಜ ನಗಲಿಲ್ಲ. ನಮ್ಮ ಮನೆಯಲ್ಲಿ ನೀರಿನ ಜೋಕ್ ಯಾರಿಗೂ ನಗು ತರಿಸುವುದಿಲ್ಲ ಅನ್ನೋದು ನನಗೆ ನೆನಪಿರಬೇಕಿತ್ತು. ದ್ರಾಕ್ಷಿ ಪಡಕ್ಕೆ ಅಂತ ಹಾಕಿಸಿದ ಮೂರು ಬೋರಿನಲ್ಲಿ ಎರಡು ಬತ್ತಿವೆ. ಬೇಸಿಗೆಯಲ್ಲಿ ಬಳ್ಳಿ ಉಳಿಸಲು ಟ್ಯಾಂಕರ್ ತರಿಸುತ್ತೇವೆ. ನನ್ನ ಮೊದಲ ವರ್ಷದ ಫೀಸು ಮತ್ತು ಟ್ಯಾಂಕರ್ ಬಿಲ್ಲು ಒಂದೇ ತಿಂಗಳು ಬಂದಾಗ ಅಪ್ಪ ಯಾವುದನ್ನು ಮೊದಲು ಕಟ್ಟಿದ ಅಂತ ನಾನು ಇವತ್ತಿಗೂ ಕೇಳಿಲ್ಲ.

"ತಮ್ಮಾ," ಅಂದ ಅಜ್ಜ, "1972ರ ಬರದಾಗ ನಾ ಕೂಲಿಗೆ ಅಂತ ವಿಜಾಪುರಕ್ಕ ಹೋಗಿದ್ದೆ. ತಾಜ ಬಾವಡಿ ಪಾವಟಿಗಿ ಇಳದು ಕೊಡ ತುಂಬೇನಿ. ಅಲ್ಲೆ ದಂಡಿ ಮ್ಯಾಲೆ ರೊಟ್ಟಿ ತಿಂದೇನಿ. ದಂಡಿ ಇಲ್ಲಂತ ಹೆಂಗ ಅಂತೀ?"

ಮರುದಿನ ಭಾನುವಾರ. ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಕಾರವಾರದವನಿಗೆ ಫೋನ್ ಮಾಡಿ ತೊರವಿಗೆ ಬಾ ಅಂದೆ. ನಾವು ನೋಡಿದ್ದನ್ನೂ ಅದರ ಹಿಂದಿನ ಸ್ವಲ್ಪ ಫ್ಲೂಯಿಡ್ ಮೆಕ್ಯಾನಿಕ್ಸನ್ನೂ ಇಲ್ಲಿ ಬರೆಯುತ್ತಿದ್ದೇನೆ. ಈ ಸೆಮ್‌ನಲ್ಲಿ ಆ ಸಬ್ಜೆಕ್ಟ್ ಇರುವವರಿಗೆ ಉಪಯೋಗ ಆದೀತು. ಇಲ್ಲದವರು ಲೆಕ್ಕ ಬಿಟ್ಟು ಓದಿ.

ಮೊದಲು ಊರಿನ ಸ್ಥಿತಿ ತಿಳಿದಿರಲಿ. ಭೀಮಾ ಉತ್ತರಕ್ಕೆ, ಕೃಷ್ಣಾ ದಕ್ಷಿಣಕ್ಕೆ, ಎರಡೂ ದೂರ. ಜಿಲ್ಲೆಯ ಒಳಗೆ ಹರಿಯುವ ಡೋಣಿಯ ನೀರು ಸವುಳು. ಕೆಳಗೆ ಕಪ್ಪು ಬಸಾಲ್ಟ್ ಬಂಡೆ, ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮತ್ತು ಮೇಲಿನ ಸವೆದ ಪದರದಲ್ಲಿ ಮಾತ್ರ. ಇಂಥ ಜಾಗದಲ್ಲಿ ಆದಿಲ್‌ಶಾಹಿಗಳು 1686ರಲ್ಲಿ ಔರಂಗಜೇಬ ಬಂದು ಗೆಲ್ಲುವ ತನಕ ಸುಮಾರು 200 ವರ್ಷ ಒಂದು ದೊಡ್ಡ ರಾಜಧಾನಿ ನಡೆಸಿದರು. ಕೋಟೆಯ ಸುತ್ತಳತೆಯೇ ಹತ್ತು ಕಿಲೋಮೀಟರ್ ಆಸುಪಾಸು. ಪಂಪ್ ಇಲ್ಲ, ಕರೆಂಟ್ ಇಲ್ಲ. ಹಾಗಾದರೆ ಊರಿನ ತುಂಬ ನೀರು ಹೇಗೆ ಓಡಾಡಿತು?

ತೊರವಿ ಗೊತ್ತಲ್ಲ, ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನವರಸಪುರ ಅಂತ ಹೊಸ ನಗರ ಕಟ್ಟಲು ಶುರು ಮಾಡಿದ. 1624ರಲ್ಲಿ ಮಲಿಕ್ ಅಂಬರನ ದಾಳಿಯಲ್ಲಿ ಅದು ಹಾಳಾಯಿತು. ನನ್ನ ತಿಕೋಟಾ ಬಸ್ಸು ಪ್ರತಿವಾರ ಇದರ ಪಕ್ಕದಲ್ಲೇ ಹೋಗುತ್ತದೆ, ನಾನು ಇಯರ್‌ಫೋನ್ ಹಾಕಿ ಮಲಗಿರುತ್ತೇನೆ. ಇಲ್ಲಿರುವ ಸುರಂಗ ಬಾವಡಿ ಕರೇಜ್ ಪದ್ಧತಿಯ ಒಂದು ತುಂಡು. ಮೂಲ ಇರಾನಿನದು, ನಮ್ಮ ಬೀದರಿನಲ್ಲೂ ಇದೆ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವ ತನಕ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ನೆಲದೊಳಗೆ ಸುರಂಗ ಕೊರೆಯುತ್ತಾರೆ. ಸುರಂಗದ ಇಳಿಜಾರು ಮೇಲಿನ ನೆಲದ ಇಳಿಜಾರಿಗಿಂತ ಕಡಿಮೆ ಇರಬೇಕು, ಆಗ ನೀರು ತಾನೇ ಹರಿದು ತಗ್ಗಿನ ಜಾಗದಲ್ಲಿ ಹೊರಗೆ ಬರುತ್ತದೆ. ಗಾಳಿಗೂ ಮಣ್ಣು ಎತ್ತುವುದಕ್ಕೂ ಮೇಲಿನಿಂದ ಸಾಲಾಗಿ ಬಾವಿಯಂಥ ಕಿಂಡಿಗಳು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು ಕಾಪಾಡಬೇಕಾದ ತಾಣಗಳ 2020ರ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದರು, ಅದರಲ್ಲಿ ಇದೂ ಬರುತ್ತದೆ.

ನನಗೆ ಇದರಲ್ಲಿ ಹಿಡಿಸಿದ ವಿಷಯ ಬೇರೆ. ಸುರಂಗದ ತಳಕ್ಕಿಂತ ಕೆಳಗಿರುವ ನೀರನ್ನು ಕರೇಜ್ ಮುಟ್ಟಲಾರದು. ಮಳೆ ಕಡಿಮೆ ಆದ ವರ್ಷ ಹರಿವು ಸಣ್ಣದಾಗುತ್ತದೆ, ಅಷ್ಟೇ. ನಮ್ಮ ಬೋರು ಹಾಗಲ್ಲ. ನೀರು ಕೆಳಗೆ ಹೋದಂತೆ ನಾವು ಪೈಪ್ ಇಳಿಸುತ್ತೇವೆ, ಪಕ್ಕದ ಹೊಲದವರೂ ಇಳಿಸುತ್ತಾರೆ. ಈ ಮಾತು ಅಪ್ಪನ ಮುಂದೆ ಹೇಳುವ ಧೈರ್ಯ ನನಗಿಲ್ಲ, ಯಾಕೆಂದರೆ "ಹಂಗಾರ ಬಳ್ಳಿ ಒಣಗಸ್ಲೇನ?" ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ತೊರವಿಯಿಂದ ಊರಿಗೆ ಬಸ್ಸು, ಅಲ್ಲಿಂದ ದಕ್ಷಿಣಕ್ಕೆ ಬೇಗಂ ತಾಲಾಬಿಗೆ ಆಟೋ. ನಿಜವಾದ ನಡಿಗೆ ಇಲ್ಲಿಂದ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ, ಅಂದರೆ ಗೋಳಗುಮ್ಮಟ ಕಟ್ಟಿಸಿದವನೇ, ಜಹಾನ್ ಬೇಗಂ ಹೆಸರಿನಲ್ಲಿ ಕಟ್ಟಿಸಿದ ಕೆರೆ ಇದು. 234 ಎಕರೆ. ಏರಿಯ ಮೇಲೆ ನಿಂತರೆ ಕಾರವಾರದವನಿಗೂ ಸ್ವಲ್ಪ ಹೊತ್ತು ಮಾತು ನಿಂತಿತು. "ಇದು ಇದೆ ಅಂತ ಹೇಳೇ ಇಲ್ಲವಲ್ಲೋ" ಅಂದ. ಹೇಳೋಕೆ ನನಗೆ ಗೊತ್ತಿದ್ದರೆ ತಾನೆ!

ಕೆರೆಯ ಪಕ್ಕದ ನೆಲಮಾಳಿಗೆಯಂಥ ಕೋಣೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹೋಗುತ್ತಿತ್ತು. ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆ-ಕಲ್ಲಿನ ಕವಚ ಕಟ್ಟಿ, 15ರಿಂದ 50 ಅಡಿ ಆಳದಲ್ಲಿ ಹೂಳಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳು, ಹೆಸರು ಗಂಜ್. ಈಗ ಉಳಿದಿರುವ ಗಂಜ್‌ಗಳು ಮನೆ, ಅಂಗಡಿಗಳ ನಡುವೆ ನಿಂತಿವೆ. ನಾನು ಚಿಕ್ಕವನಿದ್ದಾಗ ಇವು ಕಾವಲು ಬುರುಜು ಅಂದುಕೊಂಡಿದ್ದೆ. ಆಮೇಲೆ ನಮ್ಮ ಓವರ್‌ಹೆಡ್ ಟ್ಯಾಂಕಿನ ಹಾಗೆ ನೀರು ತುಂಬಿಡಲು ಇರಬೇಕು ಅಂದುಕೊಂಡೆ. ಎರಡೂ ತಪ್ಪು.

ಯೋಚಿಸಿ: ಕೆರೆ ಎತ್ತರದಲ್ಲಿ, ಊರು ತಗ್ಗಿನಲ್ಲಿ. ಒಂದೇ ಉದ್ದನೆಯ ಮುಚ್ಚಿದ ಕೊಳವೆ ಹಾಕಿ ಕೊನೆಯಲ್ಲಿ ನಲ್ಲಿ ಮುಚ್ಚಿದರೆ ಕೊಳವೆಯ ಕೆಳತುದಿಗೆ ಇಡೀ ಎತ್ತರದ ಒತ್ತಡ ಬೀಳುತ್ತದೆ. ಉದಾಹರಣೆಗೆ ಅಂತ ನಾನೇ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಎತ್ತರದ ವ್ಯತ್ಯಾಸ 30 ಮೀಟರ್ ಅನ್ನಿ. ಸಾಂದ್ರತೆ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 294 ಕಿಲೋಪಾಸ್ಕಲ್. ಕೊಳವೆಯ ವ್ಯಾಸ 20 ಸೆಂಟಿಮೀಟರ್, ಗೋಡೆ ದಪ್ಪ 2 ಸೆಂಟಿಮೀಟರ್ ಅಂದುಕೊಂಡರೆ ಹೂಪ್ ಸ್ಟ್ರೆಸ್ ಸುಮಾರು 1.47 ಮೆಗಾಪಾಸ್ಕಲ್. ಸ್ಟೀಲಿಗೆ ಇದು ಏನೂ ಅಲ್ಲ. ಆದರೆ ಸುಟ್ಟ ಮಣ್ಣು ಎಳೆತ ತಡೆಯುವುದು ಕಷ್ಟ, ಸುಣ್ಣದ ಗಾರೆಯ ಜಾಯಿಂಟ್ ಇನ್ನೂ ಕಷ್ಟ. ಯಾರಾದರೂ ಫಟ್ ಅಂತ ನೀರು ನಿಲ್ಲಿಸಿದರೆ ವಾಟರ್ ಹ್ಯಾಮರ್ ಬೇರೆ.

ಈಗ ನಡುವೆ ಒಂದು ಗಂಜ್ ಇಡಿ. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ತುದಿಯ ತೊಟ್ಟಿಗೆ ಬೀಳುತ್ತದೆ. ತೊಟ್ಟಿ ಗಾಳಿಗೆ ತೆರೆದಿದೆ, ಹಾಗಾಗಿ ಅಲ್ಲಿ ಗೇಜ್ ಪ್ರೆಶರ್ ಸೊನ್ನೆ. ಮುಂದಿನ ಕೊಳವೆ ಆ ತೊಟ್ಟಿಯಿಂದ ಹೊಸದಾಗಿ ಕೆಳಗಿಳಿಯುತ್ತದೆ. ಅದಕ್ಕೆ ಕೆರೆಯ ಎತ್ತರ ಗೊತ್ತೇ ಇಲ್ಲ, ತನ್ನ ಹಿಂದಿನ ಗೋಪುರದ ಎತ್ತರ ಮಾತ್ರ ಗೊತ್ತು. 30 ಮೀಟರಿನ ಭಾರ ಹತ್ತು ಹತ್ತು ಮೀಟರಿನ ಮೂರು ಪಾಲಾದರೆ ಸ್ಟ್ರೆಸ್ ಕೂಡ ಮೂರನೇ ಒಂದು. ಜೊತೆಗೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗುತ್ತದೆ, ಕೆಸರು ಗೋಪುರದ ತಳದಲ್ಲಿ ಕೂರುತ್ತದೆ. ಒಂದೇ ಷರತ್ತು, ಪ್ರತಿ ಗಂಜಿನ ನೀರಿನ ಮಟ್ಟ ಹಿಂದಿನದಕ್ಕಿಂತ ಸ್ವಲ್ಪ ಕೆಳಗಿರಬೇಕು. ಆ ಸಾಲಿನ ಗಂಜ್‌ಗಳ ತುದಿಗಳನ್ನೆಲ್ಲ ಮನಸ್ಸಿನಲ್ಲಿ ಒಂದು ದಾರದಿಂದ ಕಟ್ಟಿ ನೋಡಿ. ಹೆಚ್ಚುಕಡಿಮೆ ಅದೇ ನಮ್ಮ ಪುಸ್ತಕದ ಹೈಡ್ರಾಲಿಕ್ ಗ್ರೇಡ್ ಲೈನ್.

ಇಸ್ತಾಂಬುಲ್‌ನಲ್ಲೂ ಇಂಥ ಗೋಪುರಗಳಿವೆ, ಅಲ್ಲಿಯವರು ಅದನ್ನು ಸು ತೆರಾಜಿಸಿ, ಅಂದರೆ ನೀರಿನ ತಕ್ಕಡಿ, ಅಂತ ಕರೆಯುತ್ತಾರೆ. ಪೊಂಪೈನ ರೋಮನ್ನರ ಬೀದಿಗಳಲ್ಲೂ ಇದ್ದವು. ಕ್ಲಾಸಿನಲ್ಲಿ ಮೇಡಂ ಬ್ರೇಕ್ ಪ್ರೆಶರ್ ಟ್ಯಾಂಕ್ ಅಂತ ಪಾಠ ಮಾಡಿದಾಗ ನಾನು ಡೆಫಿನಿಷನ್ ಬರೆದುಕೊಂಡು, ಚಿತ್ರ ಬಿಡಿಸಿ, ಐದು ಮಾರ್ಕ್ಸ್ ತಗೊಂಡೆ. ನಾಲ್ಕು ಕಿಲೋಮೀಟರ್ ದೂರದಲ್ಲಿ ಒಂದು ನಿಂತಿದೆ ಅಂತ ಹೊಳೆಯಲಿಲ್ಲ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಓದಿದ ನನಗೆ ಪ್ರೆಶರ್ ಅಂದರೆ ಪುಸ್ತಕದ ಒಳಗಿನ ವಸ್ತು. ಅಜ್ಜನಿಗೆ ಫೋನಿನಲ್ಲಿ ಗಂಜ್ ಬಗ್ಗೆ ವಿವರಿಸಿದಾಗ ಅವನು ಒಂದೇ ಮಾತಲ್ಲಿ ಮುಗಿಸಿದ: "ಅಂದ್ರ ನೀರಿಗಿ ಉಸರ ಬಿಡಾಕ ಜಾಗಾ ಮಾಡ್ಯಾರ." ಮುಂದಿನ ಇಂಟರ್ನಲ್ಸ್‌ನಲ್ಲಿ ಇದನ್ನೇ ಬರೆಯಬೇಕು ಅನ್ನಿಸಿದೆ.

ಊರೊಳಗೆ ಬಂದರೆ ಅಸರ ಮಹಲ್. 1646ರ ಸುಮಾರಿನ ಕಟ್ಟಡ, ಎದುರಿಗೆ ಹೊಂಡ, ನಡುವಿನದು ಸುಮಾರು 15 ಅಡಿ ಆಳ. ಬೇಗಂ ತಾಲಾಬಿನ ನೀರು ಇಲ್ಲಿಗೂ ಬರುತ್ತಿತ್ತು. ಸಂಜೆ ಕೂರಲು ಒಳ್ಳೆಯ ಜಾಗ, ನಾವು ಹೋದದ್ದು ಮಾತ್ರ ಸುಡುವ ಹನ್ನೊಂದು ಗಂಟೆಗೆ. ಪಕ್ಕದಲ್ಲೇ ಅರಕಿಲ್ಲೆಯ ಕಂದಕ, ಕೆಲವು ಕಡೆ ನೀರಿದೆ, ಕೆಲವು ಕಡೆ ಏನಿದೆ ಅಂತ ಬರೆಯದಿರುವುದೇ ವಾಸಿ. ಗಗನ ಮಹಲಿನ ದೊಡ್ಡ ಕಮಾನನ್ನು ಎಲ್ಲರೂ ನೋಡಿರುತ್ತೀರಿ, ಅಲ್ಲಿ ಫೋಟೋ ತೆಗೆಯದವರು ಯಾರಿದ್ದಾರೆ? ಅದರ ಹತ್ತಿರದ ಜಲ ಮಂಜಿಲ್ ನೋಡಿದ್ದೀರಾ? ಸಾತ್ ಮಂಜಿಲ್ ಎದುರಿಗೆ ರಸ್ತೆ ಪಕ್ಕ ಪುಟ್ಟ ಕೆತ್ತನೆಯ ಮಂಟಪ. ಒಂದು ಕಾಲಕ್ಕೆ ಸುತ್ತ ನೀರಿತ್ತು, ನಡುವೆ ಇದು ನಿಂತಿತ್ತು. ನಾವು ಹೋದಾಗ ಸುತ್ತ ಬೈಕುಗಳಿದ್ದವು. ಕಾರವಾರದವನು "ದೋಣಿ ಕಟ್ಟುವ ಜಾಗದಲ್ಲಿ ಪಾರ್ಕಿಂಗ್" ಅಂದ. ನಗು ಬಂತು, ಆದರೆ ಆ ಬೈಕುಗಳಲ್ಲಿ ಒಂದು ನನ್ನ ಸೀನಿಯರ್‌ದು.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಕೋಟೆಯ ಮೆಕ್ಕಾ ಗೇಟಿನ ಹತ್ತಿರ ತಾಜ್ ಬಾವಡಿ. ಇಮ್ಮಡಿ ಇಬ್ರಾಹಿಂನ ಕಾಲದ್ದು, 1620. ರಾಣಿ ತಾಜ್ ಸುಲ್ತಾನಾಳ ಹೆಸರು. 35 ಅಡಿ ಅಗಲದ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ಇಕ್ಕೆಲದ ಕಟ್ಟಡಗಳು ದೂರದಿಂದ ಬಂದ ಪ್ರಯಾಣಿಕರು ತಂಗಲು. ಅಂದರೆ ನಡೆದು ಬಂದವನು ಮೊದಲು ನೀರಿನ ದಂಡೆಗೆ ಬರಲಿ, ಕೈಕಾಲು ತೊಳೆಯಲಿ, ನೆರಳಲ್ಲಿ ಕೂರಲಿ ಅಂತ ಯೋಜನೆಯಲ್ಲೇ ಬರೆದಿಟ್ಟ ಹಾಗೆ. ಹೊಂಡ ಸುಮಾರು 223 ಅಡಿ ಚೌಕ. ಮೀಟರಿಗೆ ಬದಲಿಸಿ ಗುಣಿಸಿದರೆ ಒಂದೊಂದು ಮೀಟರ್ ಆಳಕ್ಕೆ ಸುಮಾರು 46 ಲಕ್ಷ ಲೀಟರ್. ನಮ್ಮ ಪಡಕ್ಕೆ ಬರುವ 5000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 920 ಖೇಪು. ಈ ಲೆಕ್ಕ ಮೊಬೈಲಿನಲ್ಲಿ ಹಾಕಿ ಮುಗಿಸಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಈಗ ಊರಿಗೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಪಂಪ್ ಆಗಿ ಬರುತ್ತದೆ. ನಮ್ಮ ತಿಕೋಟಾ ಕಡೆಗೆ ತುಬಚಿ-ಬಬಲೇಶ್ವರ ಏತ ನೀರಾವರಿ ಅದೇ ನದಿಯಿಂದ ನೀರು ಎತ್ತುತ್ತದೆ. ಎರಡೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಲ್ಲಿ ಬಂದ ಮೇಲೆ ಬಾವಡಿ ಯಾರದೂ ಅಲ್ಲದ ನೀರಾಯಿತು. ಗಣಪತಿ ಬಿಟ್ಟರು, ಕಸ ಬಿಟ್ಟರು. ಕಳೆದ ದಶಕದಲ್ಲಿ ಬಾವಡಿಗಳ ಹೂಳು ತೆಗೆಸುವ ಕೆಲಸ ದೊಡ್ಡದಾಗಿ ನಡೆದು ನೀರು ಮತ್ತೆ ಕಂಡಿತು. ಕಾಪಾಡಲು ಬೇಲಿ, ಬೀಗ ಬಂದವು. ನಾವು ಹೋದಾಗಲೂ ಮೆಟ್ಟಿಲ ಕಡೆಯ ಗೇಟಿಗೆ ಬೀಗ. ಬೀಗ ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ, ತೆರೆದಿಟ್ಟಾಗ ನಾವು ಏನು ಮಾಡಿದೆವು ಅಂತ ನೋಡಿದ್ದೇವಲ್ಲ. ಆದರೂ ಅಜ್ಜ ರೊಟ್ಟಿ ತಿಂದ ದಂಡೆ ಕಂಬಿಯ ಆಚೆ ಉಳಿಯಿತು.

ಕಂಬಿ ಹಿಡಿದುಕೊಂಡೇ ಫೋನ್ ಮಾಡಿದೆ.

"ಎಷ್ಟ ಪಾವಟಿಗಿ ಕಾಣ್ತಾವ?" ಅಂದ ಅಜ್ಜ.

ಎಣಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹಂಗಾರ ನೀರ ಐತಿ. ಆವತ್ತ ಅದಕ್ಕಿಂತ ಭಾಳ ಕೆಳಗ ಇಳದಿದ್ವಿ," ಅಂದ.

ಕಾರವಾರದವನು ಆ ಸಂಜೆ ಗ್ರೂಪಿಗೆ ಒಂದು ಫೋಟೋ ಹಾಕಿದ, ಕಂಬಿಗಳ ನಡುವಿನಿಂದ ತೆಗೆದದ್ದು, ಹಸಿರು ನೀರು, ಅದರಲ್ಲಿ ಕಮಾನಿನ ನೆರಳು. ಇದು ಎಲ್ಲಿಯದು ಅಂತ ಏಳು ಜನ ಕೇಳಿದರು, ಅದರಲ್ಲಿ ನಾಲ್ವರು ವಿಜಯಪುರದವರು.

ಕ್ಲಬ್ಬಿನಿಂದ ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಹೋಗುತ್ತೇವೆ. ಬೆಳಿಗ್ಗೆ ಆರಕ್ಕೆ ಹಾಸ್ಟೆಲ್ ಗೇಟ್. ತೊರವಿ, ಬೇಗಂ ತಾಲಾಬ್, ಅಸರ ಮಹಲ್, ತಾಜ್ ಬಾವಡಿ, ಇದೇ ಕ್ರಮ. ಟೋಪಿ, ನೀರಿನ ಬಾಟಲಿ ಇರಲಿ, ಮೆಕ್ಯಾನಿಕಲ್‌ನವರು ಯಾರಾದರೂ ಅಳತೆ ಟೇಪ್ ತನ್ನಿ, ಒಂದು ಗಂಜಿನ ಎತ್ತರವನ್ನು ನೆರಳಿನಿಂದ ಲೆಕ್ಕ ಹಾಕೋಣ. ಬೀಗ ತೆಗೆಸಲು ಮೊದಲೇ ಅನುಮತಿ ಪತ್ರ ಕೊಡುವ ಕೆಲಸ ನನ್ನದು. ಅಜ್ಜನೂ ಬರುತ್ತಾನಂತೆ. ಮೊಣಕಾಲು ನೋವು, ಮೆಟ್ಟಿಲು ಇಳಿಯುವುದಿಲ್ಲ, ಮೇಲೆ ಕುಂತಿರುತ್ತೇನೆ ಅಂದಿದ್ದಾನೆ. ರೊಟ್ಟಿ ಅವನು ತರುತ್ತಾನೆ, ಎಷ್ಟು ಜನ ಅಂತ ಶುಕ್ರವಾರದೊಳಗೆ ನನಗೆ ಹೇಳಿ.